ಸಂಕಲ್ಪದಲ್ಲಿ ಸೋರಿದ ಗುಟ್ಟು

"ಇನ್ನೊಮ್ಮೆ ಹೇಳ್ರಿ ನೋಡೂಣು," ಎಂದರು ಮಹಾದೇವಿ.

ಗುಡಿಯ ಅರ್ಚಕ ಅವಧಾನಿಗಳು ಇನ್ನೊಮ್ಮೆ ಹೇಳಿದರು. ಕಣ್ಣು ಮುಚ್ಚಿತ್ತು. ಕೈಯಲ್ಲಿ ಚೀಟಿಯಿಲ್ಲ, ಪುಸ್ತಕವಿಲ್ಲ. ಅರ್ಚನೆಗೆಂದು ಸಾಲಿನಲ್ಲಿ ನಿಂತಿದ್ದ ಇಪ್ಪತ್ಮೂರು ಮಂದಿಯ ಹೆಸರು, ಗೋತ್ರ, ನಕ್ಷತ್ರ, ರಾಶಿ, ಅವರು ಮನೆಯಲ್ಲಿ ಬಿಟ್ಟುಬಂದವರ ನಕ್ಷತ್ರ, ಹೊತ್ತಿರುವ ಹರಕೆ, ತೀರಿಸದೆ ಮರೆತ ಹರಕೆ, ಎಲ್ಲ ಒಂದೇ ಉಸಿರಿನಲ್ಲಿ ಹೊರಬಿತ್ತು. ಮರೆತ ಹರಕೆಯ ಮಾತು ಬಂದಾಗ ಸಾಲಿನಲ್ಲಿದ್ದ ಏಳು ಜನ ತಲೆ ತಗ್ಗಿಸಿದರು. ಎಂಟು ವರ್ಷ ದುಬೈಯಲ್ಲಿದ್ದು ಅಂದೇ ವಿಮಾನ ಇಳಿದು ಬಂದಿದ್ದ ಹೆಂಗಸೊಬ್ಬಳು ತನ್ನ ನಕ್ಷತ್ರ ಕೇಳಿ ಅಲ್ಲೇ ಅತ್ತುಬಿಟ್ಟಳು.

ಮಹಾದೇವಿಯವರ ಬಾಯಿ ತೆರೆದೇ ಇತ್ತು.

ಇದು ಸಣ್ಣ ವಿಷಯವಲ್ಲ. ಕೊಲಾಬಾದಿಂದ ಕಲ್ಯಾಣದವರೆಗಿನ ಎರಡು ಕೋಟಿ ಜನರಲ್ಲಿ ಮಹಾದೇವಿಯವರನ್ನು ಬೆರಗುಗೊಳಿಸಿದವರು ಆವರೆಗೆ ಯಾರೂ ಹುಟ್ಟಿರಲಿಲ್ಲ. ಕಲಬುರಗಿಯಿಂದ ಬಂದು ಗಾರೆ ಹೊತ್ತ ತಂದೆಯ ಮಗಳು ಅವರು. ಶೇರುಪೇಟೆಯ ಕಣ್ಗಾವಲು ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದವರು. ಒಂದು ಶೇರಿನ ಬೆಲೆ ಅನ್ಯಾಯವಾಗಿ ಎಂಟಾಣೆ ಏರಿದರೆ, ನಿದ್ದೆಯಲ್ಲಿದ್ದರೂ ಅವರ ಎಡಗಣ್ಣು ಹಾರುತ್ತಿತ್ತು. ನಂಬದವರು ಅವರ ಜೊತೆ ಕೆಲಸ ಮಾಡಿದವರನ್ನು ಕೇಳಿಕೊಳ್ಳಲಿ. ನಿವೃತ್ತಿಯಾದ ಮೇಲೆ ಗ್ರಾಂಟ್ ರೋಡಿನಲ್ಲಿ ಒಂದು ಕೋಣೆ ಹಿಡಿದು, ಕಂಪನಿಗಳ ಗುಟ್ಟು ಎಲ್ಲಿ ಸೋರಿತೆಂದು ಹುಡುಕಿಕೊಡುವ ಪತ್ತೇದಾರಿಕೆ ಶುರುಮಾಡಿದ್ದರು.

"ಅಕ್ಕಾ, ಟೈಮ್," ಎಂದು ಪಕ್ಕದಲ್ಲಿದ್ದ ಸಾಧನಾ ಪಿಸುಗುಟ್ಟಿದಳು. "ಹತ್ತೂ ಇಪ್ಪತ್ತು. ಒಂದು ಗಂಟೆಗೆ ಮೀಟಿಂಗು."

ಆ ಒಂದು ಗಂಟೆಯೇ ಸಾಧನಾಳ ಕೊರಳಿಗೆ ಬಿದ್ದಿದ್ದ ಹಗ್ಗ. ಅಂಧೇರಿಯ ಶಿಂಶಾ ಪಂಪ್ಸ್ ಕಂಪನಿಯ ಉಪ ಕಾರ್ಯದರ್ಶಿ ಅವಳು. ಮಧ್ಯಾಹ್ನ ಒಂದಕ್ಕೆ ಕಂಪನಿಯ ಸಮಿತಿ ಸೇರಿ, ಗುಟ್ಟು ಹೊರಗೆ ಬಿಟ್ಟವಳು ಇವಳೇ ಎಂದು ಬರೆದು, ಶೇರುಪೇಟೆಯನ್ನು ಕಾಯುವ ಸರ್ಕಾರಿ ಸಂಸ್ಥೆ ಸೆಬಿಗೆ ಕಳಿಸಲಿತ್ತು. ಅಷ್ಟಾದರೆ ಕೆಲಸ ಹೋಯಿತು, ಹೆಸರು ಹೋಯಿತು. ಬೇರೆ ಯಾವ ಕಂಪನಿಯೂ ಅವಳನ್ನು ಬಾಗಿಲೊಳಗೆ ಬಿಡುವುದಿಲ್ಲ. ಇನ್ನು ದಂಡವೆಂದರೆ, ಏಳು ಜನ್ಮ ಎತ್ತಿ ಬಂದು ದುಡಿದರೂ ತೀರದಷ್ಟು.

ಆದದ್ದು ಇಷ್ಟು: ಜಪಾನಿನ ಕಂಪನಿಯೊಂದು ಶಿಂಶಾ ಪಂಪ್ಸನ್ನು ಕೊಳ್ಳುವ ಸುದ್ದಿ ಮಂಗಳವಾರ ಸಂಜೆ ಜಗತ್ತಿಗೆ ತಿಳಿಯಿತು, ಆದರೆ ಅದೇ ಮಂಗಳವಾರ ಬೆಳಿಗ್ಗೆ ಒಂಬತ್ತೂ ಹದಿನಾರಕ್ಕೆ, ಶೇರುಪೇಟೆ ಬಾಗಿಲು ತೆರೆದ ಒಂದೇ ನಿಮಿಷಕ್ಕೆ, ಹೋಟೆಲು ನಡೆಸುವ ಪೂವಪ್ಪ ಎಂಬವನು ಮೂಟೆಗಟ್ಟಲೆ ಶಿಂಶಾ ಶೇರು ಕೊಂಡಿದ್ದ. ಆ ಪೂವಪ್ಪ ಇರುವುದು ಮುಲುಂಡಿನಲ್ಲಿ, ಸಾಧನಾ ಇರುವ ಬಿಲ್ಡಿಂಗಿನಲ್ಲೇ, ಅವಳ ಮನೆಯ ಕೆಳಗಿನ ಮಹಡಿಯಲ್ಲಿ.

ಬುಧವಾರ ರಾತ್ರಿ ಮಹಾದೇವಿ ಅವನನ್ನು ಹಿಂಡಿದಾಗ ಅವನು ಬಾಯಿ ಬಿಟ್ಟದ್ದು ಅರ್ಧ ಮಾತ್ರ. ವಾಟ್ಸಾಪಿನಲ್ಲಿ ತನಗೆ ಬಂದಿದ್ದ ಇಪ್ಪತ್ತೆರಡು ಸೆಕೆಂಡಿನ ವಿಡಿಯೊ ಕೊಟ್ಟ. ಕಳಿಸಿದ್ದು ಯಾರೆಂದು ಮಾತ್ರ ಹೇಳಲಿಲ್ಲ. "ಆ ಮನೆಯ ಊಟ ಉಂಡಿದ್ದೇನೆ ಮಾರಾಯ್ರೆ, ಆ ಹೆಸರು ನನ್ನ ಬಾಯಿಂದ ಬರಲಿಕ್ಕಿಲ್ಲ. ಬೇಕಾದ್ರೆ ನನ್ನನ್ನೇ ಒಳಗೆ ಹಾಕಿ."

ಆ ವಿಡಿಯೊದಲ್ಲಿ ಮುಖವಿರಲಿಲ್ಲ. ಹೋಮದ ಹೊಗೆ ಇತ್ತು, ಗಂಟೆಯಿತ್ತು, ಒಂದು ದನಿಯಿತ್ತು. ಆ ದನಿ ಹಿಡಿದುಕೊಂಡು ಮುಲುಂಡಿನ ಈ ಗಣಪತಿ ಗುಡಿಗೆ ಇಬ್ಬರೂ ಬಂದಿದ್ದರು.

ಸಾಲು ಕರಗಿದ ಮೇಲೆ ಮಹಾದೇವಿ ಫೋನು ಮುಂದೆ ಹಿಡಿದರು.

"...ಶಿಂಶಾ ಪಂಪ್ಸ್ ಲಿಮಿಟೆಡ್ ನಾಮಕ ಸಂಸ್ಥಾಯಾಃ, ಜಪಾನ್ ದೇಶೀಯ ಸಂಸ್ಥಯಾ ಸಹ, ಕ್ರಯ ವಿಕ್ರಯ ಕಾರ್ಯಸ್ಯ ನಿರ್ವಿಘ್ನ ಪರಿಸಮಾಪ್ತ್ಯರ್ಥಂ, ಏಕೈಕಸ್ಯ ಶೇರಸ್ಯ ನವಶತ ರೂಪ್ಯಕ ಮೂಲ್ಯ ಸಿದ್ಧ್ಯರ್ಥಂ..."

"ಈ ದನಿ ನಿಮ್ದ ಹೌದಲ್ರಿ?"

"ನಂದೇ ತಾಯಿ," ಎಂದರು ಅವಧಾನಿಗಳು. ಎಪ್ಪತ್ತೆಂಟರ ಮುದುಕರಾದರೂ ದನಿ ಕಂಚಿನದು.

"ನವಶತ ಅಂದ್ರ?"

"ಒಂಬೈನೂರು. ಒಂದೊಂದು ಶೇರಿಗೆ ಒಂಬೈನೂರು ರೂಪಾಯಿ ಬರಲಿ ಅಂತ ಪ್ರಾರ್ಥನೆ."

ಮಂಗಳವಾರ ಬೆಳಿಗ್ಗೆ ಆ ಶೇರಿನ ಬೆಲೆ ಆರುನೂರಾ ಹತ್ತು. ಯಾವ ಕಂಪನಿ, ಕೊಳ್ಳುವವರು ಯಾವ ದೇಶದವರು, ಬೆಲೆ ಎಷ್ಟು, ಮೂರೂ ಇಪ್ಪತ್ತೆರಡು ಸೆಕೆಂಡಿನಲ್ಲಿ! ಮೂವತ್ತೊಂದು ವರ್ಷದಲ್ಲಿ ಮಹಾದೇವಿ ಕಂಡ ಕಳ್ಳರು ಸಿಗರೇಟು ಪ್ಯಾಕಿನಲ್ಲಿ ಬರೆದು ಕೊಟ್ಟಿದ್ದರು, ಮದುವೆಯ ಕಾಗದದಲ್ಲಿ ಅಡಗಿಸಿ ಕೊಟ್ಟಿದ್ದರು. ಸಂಸ್ಕೃತದಲ್ಲಿ, ವಿಭಕ್ತಿ ಪ್ರತ್ಯಯ ಸಮೇತ ಗುಟ್ಟು ಬಿಟ್ಟವರನ್ನು ಕಂಡಿರಲಿಲ್ಲ.

"ಯಾರ ಪೂಜಿರಿ ಅದು?"

ಅವಧಾನಿಗಳು ತಲೆಯಾಡಿಸಿದರು. "ಅದು ಕೇಳಬೇಡಿ ತಾಯಿ. ಸಂಕಲ್ಪ ಅನ್ನೋದು ಮಾಡಿಸುವವನಿಗೂ ದೇವರಿಗೂ ನಡುವಿನ ಮಾತು. ನಾನು ಬರೀ ನಾಲಿಗೆ. ಐವತ್ತು ವರ್ಷದಲ್ಲಿ ಒಬ್ಬರ ಸಂಕಲ್ಪ ಇನ್ನೊಬ್ಬರಿಗೆ ಹೇಳಿಲ್ಲ."

ಮಹಾದೇವಿ ಅವರ ಉತ್ತರೀಯದ ಅಂಚನ್ನೇ ನೋಡುತ್ತಿದ್ದರು. ಅಲ್ಲಿ ಹೆಸರುಕಾಳಿನಷ್ಟು ಕಪ್ಪಗಿನದೊಂದು ಚುಚ್ಚಿಕೊಂಡಿತ್ತು.

"ನಾಲಿಗಿಗಿ ಮೈಕ್ ಯಾಕ್ರಿ?"

"ಇದಾ? ವಯಸ್ಸಾದವರಿಗೆ ಮಂತ್ರ ಕೇಳಿಸಲ್ಲ ಅಂತ ಟ್ರಸ್ಟಿನವರು ಹಾಕಿಸಿದ್ರು. ಹೊರದೇಶದ ಮಕ್ಕಳೂ ನೋಡಲಿ ಅಂತ ಅಲ್ಲಿ ಕಂಬಕ್ಕೆ ಒಂದು ಫೋನು ಕಟ್ಟಿದಾರೆ. ದಿನಾ ಬೆಳಿಗ್ಗೆ ಯೂಟ್ಯೂಬಿನಲ್ಲಿ ಲೈವ್ ಹೋಗುತ್ತಂತೆ."

ಐವತ್ತು ವರ್ಷ ಯಾರಿಗೂ ಹೇಳದ ಮುದುಕ, ಒಂದೂವರೆ ವರ್ಷದಿಂದ ಎಲ್ಲರ ಸಂಕಲ್ಪವನ್ನೂ ಏಳು ಸಮುದ್ರದಾಚೆಗೆ ಬಿತ್ತರಿಸುತ್ತಿದ್ದರು. ಅದು ಅವರಿಗೆ ಈ ಕ್ಷಣದವರೆಗೂ ಹೊಳೆದಿರಲಿಲ್ಲ. ಹೊಳೆದದ್ದೇ ಕೈ ಎದೆಯ ಮೇಲೆ ಹೋಯಿತು. ಮೈಕನ್ನು ಚೇಳು ಮುಟ್ಟಿದಂತೆ ಕಿತ್ತು ತಟ್ಟೆಯಲ್ಲಿ ಹಾಕಿದರು.

"ನೀವೇನೂ ಹೇಳಬ್ಯಾಡ್ರಿ," ಎಂದರು ಮಹಾದೇವಿ ಮೆತ್ತಗೆ. "ಮಂಗಳವಾರನ ಹೇಳಿ ಮುಗಿಸೀರಿ."

ಸಾಧನಾ ತನ್ನ ಫೋನಿನಲ್ಲಿ ಮಂಗಳವಾರದ ಇಡೀ ಪೂಜೆಯನ್ನು ಹುಡುಕಿ ತೆಗೆದಳು. ಬೆಳಿಗ್ಗೆ ಏಳೂವರೆಯ ಗಣಹೋಮ. ನೋಡಿದವರು ಹದಿನಾಲ್ಕು ಜನ.

ವಿಡಿಯೊ ಓಡಿತು. ಅವಧಾನಿಗಳ ದನಿ ಜಂಬೂದ್ವೀಪದಿಂದ ಹೊರಟು, ಭರತಖಂಡ ದಾಟಿ, ಮುಂಬಾಪುರಿಗೆ ಬಂದು, ಮುಲುಂಡಿನಲ್ಲಿ ಇಳಿಯಿತು. ಸಂವತ್ಸರ ಹೇಳಿತು. ಅಯನ, ಋತು, ಮಾಸ, ಪಕ್ಷ, ತಿಥಿ ಹೇಳಿತು. ಭೌಮವಾಸರ, ಅಂದರೆ ಮಂಗಳವಾರ, ಎಂದಿತು. ಆಮೇಲೆ ಮಾಡಿಸುವವನ ಗೋತ್ರ, ನಕ್ಷತ್ರ, ಹೆಸರು, ಕೊನೆಗೆ ಏನಕ್ಕಾಗಿ ಎಂಬುದು.

ಮಹಾದೇವಿಯವರಿಗೆ ಮೈ ಜುಮ್ಮೆಂದಿತು.

ಕಂಪನಿಯ ಗುಟ್ಟು ಯಾರ ಕಿವಿಗೆ, ಯಾವ ದಿನ, ಯಾವ ಗಳಿಗೆಯಲ್ಲಿ, ಏಕೆ ಬಿತ್ತು ಎಂದು ಹೆಸರು ಸಮೇತ ದಾಖಲೆ ಇಡಬೇಕು, ಒಮ್ಮೆ ಬರೆದದ್ದನ್ನು ಬ್ರಹ್ಮನೂ ಅಳಿಸುವಂತಿರಬಾರದು. ಸೆಬಿ ಈ ಕಾನೂನು ತಂದದ್ದು ಮೊನ್ನೆ ಮೊನ್ನೆ. ಸಾಧನಾ ಕಂಪನಿಯಲ್ಲಿ ಕಾಯುತ್ತಿದ್ದದ್ದು ಅಂಥದ್ದೇ ಒಂದು ದಾಖಲೆ. ಅದಕ್ಕೆಂದು ಲಕ್ಷಗಟ್ಟಲೆ ಕೊಟ್ಟು ಸಾಫ್ಟ್‌ವೇರು ತಂದಿದ್ದರು. ಇಲ್ಲಿ ನೋಡಿದರೆ ಬರಿಮೈಯ ಮುದುಕರೊಬ್ಬರು, ಒಂದು ಕಾಸಿನ ಸಾಫ್ಟ್‌ವೇರಿಲ್ಲದೆ, ದಿನಾ ಇಪ್ಪತ್ತು ಸಲ ಅದನ್ನೇ ಬಾಯಲ್ಲಿ ಮಾಡುತ್ತಿದ್ದಾರೆ!

"ಎಷ್ಟು ಸಾವಿರ ವರ್ಷದಿಂದ ಮಾಡ್ತೀರಿ ನೀವು ಇದನ್ನ?" ಎಂದು ಕೇಳಿದರು ಬೆರಗಿನಿಂದ.

"ನಾನು ಐವತ್ತು ವರ್ಷದಿಂದ," ಎಂದರು ಅವಧಾನಿಗಳು ವಿನಯದಿಂದ.

ಅಷ್ಟರಲ್ಲಿ ಫೋನಿನಿಂದ ಬಂತು: "...ಕಾಶ್ಯಪ ಗೋತ್ರೋದ್ಭವಸ್ಯ, ಹಸ್ತಾ ನಕ್ಷತ್ರೇ, ಕನ್ಯಾ ರಾಶೌ ಜಾತಸ್ಯ, ಹಿರಿಯಣ್ಣ ನಾಮಧೇಯಸ್ಯ..."

ಸಾಧನಾ ಫೋನು ನಿಲ್ಲಿಸಿದಳು. "ಹಿರಿಯಣ್ಣ ಸರ್? ನನ್ನ ಮೇಲೆ ಕಂಪ್ಲೇಂಟ್ ಬರೆದಿರೋದೇ ಅವರು ಅಕ್ಕಾ!"

"ಕತ್ತರಿ ಎಲ್ಲಿ ಬಿದ್ದದ ನೋಡು," ಎಂದರು ಮಹಾದೇವಿ. ಪೂವಪ್ಪನ ತುಣುಕನ್ನು ಮತ್ತೆ ಓಡಿಸಿದರು. ಹಿರಿಯಣ್ಣನ ಹೆಸರು ಮುಗಿದು ಅರ್ಧ ಉಸಿರು ಆದ ಮೇಲೆ, 'ಶಿಂಶಾ' ಎಂಬಲ್ಲಿಂದ ಅದು ಶುರುವಾಗಿತ್ತು. "ಹೆಸರು ಹೊರಗ ಬಿಟ್ಟು, ಗುಟ್ಟು ಅಷ್ಟ ಒಳಗ ಇಟ್ಟಾರ. ಇದು ಬೆರಳು ತಪ್ಪಿ ಆದದ್ದಲ್ಲ. ಬೆಣ್ಣಿ ತೆಗದ್ಹಂಗ ತೆಗದಾರ."

"ಹಾಗಾದ್ರೆ ಸರ್ರೇ..."

"ತಡಿ. ನಿನ್ನ ಮ್ಯಾಲೆ ಬರದವರು ಅಂತ ಬೆಳಗ್ಗೆನ ಅವರಿಗೂ ಬರಾಕ ಹೇಳೀನಿ. ಗಣಪತಿ ಪ್ರಸಾದ ಅದ, ತಗೊಂಡು ಆಫೀಸಿಗೆ ಹೋಗ್ರಿ ಅಂತ. ಪ್ರಸಾದಕ್ಕ ಅವರು ಬ್ಯಾಡ ಅನ್ನಂಗಿಲ್ಲ."

ಹಿರಿಯಣ್ಣನವರು ಬಂದರು. ಅರವತ್ತೊಂದರ, ಹಣೆಯಲ್ಲಿ ಅಕ್ಷತೆಯಿಟ್ಟ, ಮೈಸೂರು ಕಡೆಯ ಶುಭ್ರ ಮನುಷ್ಯ. ಶಿಂಶಾ ಪಂಪ್ಸಿನ ಹಣಕಾಸಿನ ಮುಖ್ಯಸ್ಥರು. ಗುಟ್ಟು ಕಾಯುವುದರಲ್ಲಿ ಅವರ ಸಮಕ್ಕೆ ಇಡೀ ಪಶ್ಚಿಮ ಭಾರತದಲ್ಲಿ ಇನ್ನೊಬ್ಬರಿಲ್ಲ ಎಂದು ಹೆಸರು. ಕಂಪ್ಯೂಟರಿನಲ್ಲಿ ಬರೆಯುವಾಗ ಒಂದು ಕೈಯಿಂದ ಇನ್ನೊಂದು ಕೈಯನ್ನು ಮುಚ್ಚಿಕೊಳ್ಳುತ್ತಿದ್ದರು. ಲೋಕಲ್ ರೈಲಿನಲ್ಲಿ ಪಕ್ಕದವರು ಇಣುಕಿಯಾರೆಂದು ಪಂಚಾಂಗವನ್ನೂ ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಈ ವ್ಯವಹಾರಕ್ಕೆ 'ಪ್ರಾಜೆಕ್ಟ್ ನವಿಲು' ಎಂದು ಗುಪ್ತನಾಮ ಇಟ್ಟವರೂ ಅವರೇ. ಆರು ತಿಂಗಳು ಕಂಪನಿಯೊಳಗೆ ಒಬ್ಬರ ಬಾಯಿಂದಲೂ 'ಜಪಾನ್' ಎಂಬ ಮಾತು ಬಂದಿರಲಿಲ್ಲ.

ಸಾಧನಾಳನ್ನು ಕಂಡು ಮುಖ ಬಿಗಿಮಾಡಿದರು. "ಏನು ಮೇಡಂ ಇದೆಲ್ಲ? ಪ್ರಸಾದ ಅಂದ್ರಿ."

"ಪ್ರಸಾದ ಆಮ್ಯಾಲ. ಮೊದಲ ಒಂದು ಮಾತು. ನವಿಲಿನ ಸುದ್ದಿ ನೀವು ಯಾರ್ಯಾರಿಗೆ ಹೇಳೀರಿ?"

"ಯಾರಿಗೂ ಹೇಳಿಲ್ಲ. ರಿಜಿಸ್ಟರಿನಲ್ಲಿರೋ ಹದಿನೇಳು ಜನ ಬಿಟ್ಟರೆ ನರಪಿಳ್ಳೆಗೂ ಹೇಳಿಲ್ಲ. ಹೆಂಡತಿಗೆ ಹೇಳಿಲ್ಲ. ಡ್ರೈವರಿಗೆ ಹೇಳಿಲ್ಲ. ಕನಸಿನಲ್ಲಿ ಬಡಬಡಿಸೇನು ಅಂತ ಆರು ತಿಂಗಳು ಹಾಲಿನಲ್ಲಿ ಒಬ್ಬನೇ ಮಲಗಿದ್ದೀನಿ!"

"ದೇವ್ರಿಗೆ?"

ಹಿರಿಯಣ್ಣನವರು ಗರ್ಭಗುಡಿಯ ಕಡೆ ನೋಡಿದರು, ಅವಧಾನಿಗಳ ಕಡೆ ನೋಡಿದರು. ಅವಧಾನಿಗಳು ನೆಲ ನೋಡಿದರು.

ಸಾಧನಾ ಫೋನು ಒತ್ತಿದಳು. ಹಸ್ತಾ ನಕ್ಷತ್ರದಿಂದ ನವಶತ ರೂಪಾಯಿಯವರೆಗೆ ಎಲ್ಲವೂ ಗುಡಿಯ ತುಂಬ ಮೊಳಗಿತು.

"ಅದು..." ಎಂದರು ಹಿರಿಯಣ್ಣ. ಆಮೇಲೆ ಒಮ್ಮೆಲೇ ದನಿಯೇರಿತು. "ಮತ್ತೇನು ಮಾಡಲಿ? ದೇವರ ಹತ್ರ 'ಪ್ರಾಜೆಕ್ಟ್ ನವಿಲು' ಅನ್ನೋಕಾಗುತ್ತೇನಮ್ಮಾ? ಯಾವ ನವಿಲು, ಎಲ್ಲಿಯ ನವಿಲು ಅಂತ ಅವನು ಕೇಳೋದಿಲ್ವೆ? ಸಂಕಲ್ಪದಲ್ಲಿ ಸುಳ್ಳು ಹೆಸರು ಹೇಳಿದ್ರೆ ಫಲ ಇನ್ಯಾವನಿಗೋ ಹೋಗುತ್ತೆ!"

"ಅದು ನಿಜ," ಎಂದರು ಅವಧಾನಿಗಳು ಗಂಭೀರವಾಗಿ.

"ಬೆಲಿ ಯಾಕ ಹೇಳಿದ್ರಿ?"

"ಜಪಾನಿನವರು ಎಂಟುನೂರಾ ಎಪ್ಪತ್ತಕ್ಕೆ ಎಳೀತಿದ್ರು ಮೇಡಂ! ಬೇಕಾದ್ದನ್ನ ಬಿಡಿಸಿ ಕೇಳದಿದ್ರೆ ಕೊಡೋನಿಗಾದ್ರೂ ಹೇಗೆ ಗೊತ್ತಾಗಬೇಕು?"

"ಕೊಟ್ಟನೇನ್ರಿ ಒಂಬೈನೂರು?"

"ಕೊಟ್ಟ," ಎಂದರು ಹಿರಿಯಣ್ಣ. ಅಷ್ಟು ಸಂಕಟದಲ್ಲೂ ಕೈ ತಾನಾಗಿ ಮುಗಿದುಕೊಂಡಿತು.

ಮಹಾದೇವಿ ನಗಲಿಲ್ಲ. "ಸಾಧನಾ, ಆ ಹದಿನೇಳು ಹೆಸರಿನಾಗ ಗಣಪತಿ ಹೆಸರು ಅದ ಏನವ್ವ?"

"ಇಲ್ಲ ಅಕ್ಕಾ. ಹೆಸರಿನ ಜೊತೆ ಪ್ಯಾನ್ ನಂಬರೂ ಹಾಕ್ಬೇಕು."

"ಅವಧಾನಿಗಳ ಹೆಸರು?"

"ಇಲ್ಲ."

"ಅಂದ್ರ ಕೆಲಸಕ್ಕ ಬೇಕಿಲ್ಲದವರಿಗೆ, ಬರೀದ, ಕೇಳದ, ಗುಟ್ಟು ಹೇಳೀರಿ ಹಿರಿಯಣ್ಣನವರ. ನೀವು ಒಂದ ಒಂದು ಶೇರು ಕೊಂಡಿಲ್ಲ, ನಂಗ ಗೊತ್ತದ. ಹೇಳಿದ್ದ ತಪ್ಪು. ಕೇಳಿದವರು ಅದರ ಮ್ಯಾಲೆ ಕೊಂಡ್ರ ಅವರದೂ ತಪ್ಪು. ಕೊಳ್ಳದ ಮುಂದಿನವರಿಗೆ ದಾಟಿಸಿದ್ರ ಅದೂ ತಪ್ಪು."

"ಸೂತಕದ ಹಾಗೆ," ಎಂದು ಅವಧಾನಿಗಳು ಇದ್ದಕ್ಕಿದ್ದಂತೆ ಹೇಳಿದರು.

ಎಲ್ಲರೂ ತಿರುಗಿದರು.

"ಸಾವು ಎಲ್ಲೋ ಆಗಿರುತ್ತೆ. ಸತ್ತವರ ಮುಖವನ್ನೂ ನಾವು ನೋಡಿರೋದಿಲ್ಲ. ಆದರೆ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದ ಸೂತಕ. ಕೇಳಿಸಿಕೊಳ್ಳಬೇಕು ಅಂತ ನಾವೇನು ಹೋಗಿರಲ್ಲ. ಆದರೂ ಬಿಡಲ್ಲ. ಅಲ್ವೇ ತಾಯಿ ನಿಮ್ಮ ಕಾನೂನು?"

ಮೂವತ್ತೊಂದು ವರ್ಷ, ದೇಶದ ದೊಡ್ಡ ದೊಡ್ಡ ವಕೀಲರು ಗಂಟೆಗೆ ಲಕ್ಷ ತೆಗೆದುಕೊಂಡು ಬಿಡಿಸಲಾಗದ ಗಂಟನ್ನು ಈ ಮುದುಕರು ಪಂಚಪಾತ್ರೆ ಒರೆಸುತ್ತ ಬಿಡಿಸಿಟ್ಟರು. ಮಹಾದೇವಿ ಎರಡನೆಯ ಸಲ ಬಾಯಿ ತೆರೆದರು.

"ಹಂಗ ಅದರಿ," ಎಂದರು ಕೊನೆಗೆ. "ಒಂದ ವ್ಯತ್ಯಾಸ. ಇದಕ್ಕ ಹತ್ತು ದಿನಕ್ಕ ಬಿಡುಗಡಿ ಇಲ್ಲ."

ಹಿರಿಯಣ್ಣನವರು ಸುಮ್ಮನೆ ಸೋಲುವ ಆಸಾಮಿಯಲ್ಲ. ಅವರ ಕಣ್ಣು ಸಣ್ಣದಾಯಿತು. "ಒಂದು ನಿಮಿಷ. ಯೂಟ್ಯೂಬಿನಲ್ಲಿ ಬಂದಿದೆ ಅಂದ್ರಿ. ಜಗತ್ತೇ ನೋಡಬಹುದಾದ ಜಾಗದಲ್ಲಿ ಬಂದ ಮೇಲೆ ಅದು ಗುಟ್ಟು ಹೇಗಾಗುತ್ತೆ? ಬೆಳಿಗ್ಗೆ ಏಳೂವರೆಗೇ ಜಾಹೀರಾಯ್ತು! ಅದರ ಮೇಲೆ ಪೂವಪ್ಪ ಕೊಂಡರೆ ಅವನದೂ ತಪ್ಪಿಲ್ಲ, ನನ್ನದೂ ಇಲ್ಲ."

ಸಾಧನಾ ಬೆಪ್ಪಾಗಿ ನೋಡಿದಳು. ವಾದ ಎಷ್ಟು ಚೆಲುವಾಗಿತ್ತೆಂದರೆ ಗಣಪತಿಯ ಕಿವಿಯೂ ಒಂದು ಸಲ ಅಲ್ಲಾಡಿರಬೇಕು.

"ಹದಿನಾಕು ಮಂದಿ ನೋಡ್ಯಾರ್ರಿ," ಎಂದರು ಮಹಾದೇವಿ. "ನಿಮ್ಮ ಶೇರು ಇಟ್ಟುಕೊಂಡವರು ಅರವತ್ತು ಸಾವಿರ ಮಂದಿ. ಅವರಿಗೆಲ್ಲ ಮುಲುಂಡಿನ ಗಣಪತಿ ಚಾನೆಲ್ ನೋಡ್ರಿ, ಸಂಸ್ಕೃತ ಕಲೀರಿ ಅಂತ ಕಾಗದ ಹಾಕಿದ್ರೇನು? ಶೇರುಪೇಟೆಗಿ ಬರದು ಕೊಟ್ಟು, ಎಲ್ಲರಿಗೂ ಒಂದ ಹೊತ್ತಿಗೆ ತಿಳಿಸಿದ್ರ ಅದು ಜಾಹೀರು. ಅದನ್ನ ನೀವು ಮಾಡಿದ್ದು ಸಂಜಿಗೆ. ಬೆಳಗ್ಗೆ ಮಾಡಿದ್ದು ಸೋರಿಕಿ."

ಹಿರಿಯಣ್ಣ ಮೆಟ್ಟಿಲ ಮೇಲೆ ಕೂತರು. ಜೇಬಿನಿಂದ ಕರವಸ್ತ್ರ ತೆಗೆದು ಹಣೆ ಒರೆಸಿದರು, ಅಕ್ಷತೆ ಅಳಿಸಿಹೋಯಿತು.

"ಸರಿ. ನನ್ನ ಭಾಗ ನಾನು ಸಮಿತಿಗೆ ಹೇಳ್ತೀನಿ," ಎಂದರು ತಗ್ಗಿದ ದನಿಯಲ್ಲಿ. "ಗಣಪತಿ ಎದುರಿಗೆ ಇದ್ದೀನಿ, ಸುಳ್ಳು ಹೇಳಲ್ಲ. ಆದರೆ ಸಾಧನಾ, ಅದನ್ನ ಕತ್ತರಿಸಿ ಪೂವಪ್ಪನ ಕೈಗಿಟ್ಟಿದ್ದು ನಾನಲ್ಲ. ನನಗೆ ಫೋನಿನಲ್ಲಿ ಒಂದು ಫೋಟೊ ತಿರುಗಿಸೋಕೂ ಬರಲ್ಲ. ಕತ್ತರಿಸಿದವರು ಯಾರು? ಕಳಿಸಿದವರು ಯಾರು? ಅವನಿರೋದು ನಿನ್ನ ಬಿಲ್ಡಿಂಗಿನಲ್ಲಿ. ಬೇರೆ ಹೆಸರು ಸಿಗೋವರೆಗೂ ಆ ಜಾಗದಲ್ಲಿ ನಿನ್ನ ಹೆಸರೇ ಇರುತ್ತಮ್ಮಾ. ನಾನು ಬೇಕಾದ್ರೂ ತೆಗೆಯೋಕಾಗಲ್ಲ."

ಹನ್ನೊಂದು ಗಂಟೆ ಹೊಡೆಯಿತು.

"ಏನೇ ಸಾಧನಾ, ನೀನಿಲ್ಲಿ? ಆಫೀಸಿಲ್ವಾ?"

ಹಿಂದಿನ ಬಾಗಿಲಿನಿಂದ ಹೂಬುಟ್ಟಿ ಹಿಡಿದು ಬಂದವರು ಸಾಧನಾಳ ಅತ್ತೆ, ಸರಸ್ವತಮ್ಮ. ದಿನಾ ಹನ್ನೊಂದಕ್ಕೆ ಬಂದು ಗುಡಿಗೆ ಹೂ ಕಟ್ಟಿಕೊಡುವ ಸೇವೆ ಅವರದು. ಅವರು ಕಟ್ಟಿದ ಮಾಲೆಯನ್ನು ಜೋಡಿಸಿದರೆ ಮುಲುಂಡಿನಿಂದ ಶ್ರೀರಂಗಪಟ್ಟಣ ಮುಟ್ಟುತ್ತದೆಂದು ಹೇಳುವವರಿದ್ದಾರೆ. ಸುಳ್ಳು ಹೇಳಿ ಗೊತ್ತಿಲ್ಲದ ಹೆಂಗಸು. ರೇಷನ್ ಅಂಗಡಿಯವನು ತಪ್ಪಿ ಹೆಚ್ಚು ಸಕ್ಕರೆ ಕೊಟ್ಟರೆ ಮರುದಿನ ಚಮಚದಲ್ಲಿ ಅಳೆದು ತಿರುಗಿ ಕೊಟ್ಟು ಬರುವವರು. ಸೊಸೆಗೆ ಬಂದ ಕಷ್ಟವನ್ನು ಮನೆಯಲ್ಲಿ ಯಾರೂ ಅವರಿಗೆ ತಿಳಿಸಿರಲಿಲ್ಲ, ಬಿ.ಪಿ. ಏರೀತೆಂದು.

"ಓಹೋ, ಹಿರಿಯಣ್ಣನವರೂ ಇದ್ದಾರೆ!" ಮುಖ ಅರಳಿತು. "ನಿಮ್ಮ ಕಂಪನಿ ಹೆಸರನ್ನ ಅವಧಾನಿಗಳು ಹೋಮದಲ್ಲಿ ಎಷ್ಟು ಚೆನ್ನಾಗಿ ಹೇಳಿದ್ರು! ಮಂಡಿ ನೋವು, ಮಂಗಳವಾರ ನಾನು ಬರಲಿಲ್ಲ. ಆದರೂ ಮನೇಲೇ ನೋಡಿದೆ. ನಮ್ಮ ಸೊಸೆ ಕಂಪನಿ ಅಂತ ನಾಲ್ಕು ಜನಕ್ಕೆ ಕಳಿಸಿದೆ ಕೂಡ."

ಸಾಧನಾ ತಿರುಗಿ ಮಹಾದೇವಿಯವರನ್ನು ನೋಡಿದಳು.

"ಯಾರ್ಯಾರಿಗಿ ಅವ್ವ?" ಎಂದು ಮಹಾದೇವಿ ಹೂವಿನಷ್ಟು ಹಗುರವಾಗಿ ಕೇಳಿದರು.

"ನಮ್ಮ ಭಜನೆಯ ಮೂವರಿಗೆ. ಆಮೇಲೆ ಕೆಳಗಡೆ ಮನೆ ಪೂವಪ್ಪನಿಗೆ. ಪಾಪ, ದಿನಾ ಬೆಳಿಗ್ಗೆ ಒಂದು ದೇವರ ಫೋಟೊ ಕಳಿಸ್ತಾನೆ. ನಾವೂ ಒಂದು ಕಳಿಸದಿದ್ರೆ ಏನು ಚೆನ್ನ? ಯಾಕಮ್ಮಾ, ಏನಾಯ್ತು?"

ಸಾಧನಾಳ ಕಣ್ಣಲ್ಲಿ ನೀರು ನಿಂತಿತು. ಊಟ ಹಾಕಿದ ಮನೆಯ ಹೆಸರು ಪೂವಪ್ಪನ ಬಾಯಿಂದ ಏಕೆ ಬರಲಿಲ್ಲವೆಂದು ಈಗ ತಿಳಿಯಿತು. ಸೂತಕ ಕಿವಿಯಿಂದ ಕಿವಿಗೆ ಹರಿದು, ಹೂ ಕಟ್ಟುವ ಕೈಗೂ ತಗುಲಿತ್ತು. ಗುಟ್ಟು ದಾಟಿಸಿದವರು ಈಗ ಅವಳ ಅತ್ತೆ. ಒಂದೇ ಮನೆ, ಒಂದೇ ಒಲೆ. ಇದನ್ನು ಕೇಳಿದ ಸಮಿತಿ ಸೊಸೆಯೇ ಅತ್ತೆಯ ಕೈಯಲ್ಲಿ ಮಾಡಿಸಿದಳೆಂದು ಕಣ್ಣು ಮುಚ್ಚಿ ಬರೆಯುತ್ತದೆ.

"ಅಕ್ಕಾ, ಅತ್ತೆ ಹೆಸರು ನಾನು ಕೊಡಲ್ಲ," ಎಂದಳು. "ನನ್ನದೇ ಇರಲಿ."

"ಸುಮ್ನಿರು." ಮಹಾದೇವಿ ಕೈ ಚಾಚಿದರು. "ಅವ್ವ, ಆ ವಿಡಿಯೊ ನೀವ ಕತ್ತರಿಸಿದ್ರೇನು?"

"ನಾನಾ? ನನಗೆಲ್ಲಿ ಬರುತ್ತಮ್ಮಾ ಅದೆಲ್ಲ! ಬಂದಿದ್ದೇ ಹಾಗೆ." ಸರಸ್ವತಮ್ಮ ಹೂಬುಟ್ಟಿಯನ್ನು ಸೊಸೆಯ ಕೈಗಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ತೆರೆದರು. "ಇವಳೇ ಕಳಿಸಿದ್ದು."

ತೆರೆಯ ಮೇಲೆ ಹೋಮದ ಹೊಗೆಯ ಆ ಚಿತ್ರ. ಇಪ್ಪತ್ತೆರಡು ಸೆಕೆಂಡು. ಮಂಗಳವಾರ, ಬೆಳಿಗ್ಗೆ ಎಂಟೂ ಮೂರು. ಮೇಲೆ ಕಳಿಸಿದವರ ಹೆಸರು: ಸಾಧನಾ ಆಫೀಸ್.

"ನಾನು ಕಳಿಸಿಲ್ಲ!" ಸಾಧನಾಳ ದನಿ ಒಡೆಯಿತು. "ಎಂಟಕ್ಕೆ ನಾನು ಘಾಟ್ಕೋಪರಿನಲ್ಲಿ ಮೆಟ್ರೋ ಲೈನಲ್ಲಿದ್ದೆ. ಆ ಫೋನು ಆಫೀಸಿಂದು ಅಕ್ಕಾ. ಸೋಮವಾರ ಸಂಜೆ ಡ್ರಾಯರಿನಲ್ಲಿಟ್ಟು ಬೀಗ ಹಾಕಿ ಬಂದೆ. ಮನೆಗೇ ತಂದಿಲ್ಲ."

ಮಹಾದೇವಿ ಹಿರಿಯಣ್ಣನವರ ಕಡೆ ತಿರುಗಿದರು.

"ಡ್ರಾಯರು ನಿನ್ನೆ ಸಂಜೆ ನಾನೇ ತೆಗೆಸಿ ನೋಡಿದೀನಿ," ಎಂದರು ಅವರು ಗೊಂದಲದಿಂದ. "ಫೋನು ಅಲ್ಲೇ ಇತ್ತು. ನನ್ನ ಕಣ್ಣೆದುರಿಗೇ ಮತ್ತೆ ಬೀಗ ಹಾಕಿ, ಅರಗಿನ ಸೀಲ್ ಒತ್ತಿಸಿದ್ದೀನಿ. ಬೀಗದ ಕೈ ನನ್ನ ಹತ್ರ ಇದೆ. ಇಗೋ." ಜೇಬಿನಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

ಮಹಾದೇವಿ ತೆರೆಯ ಚಿತ್ರ ತೆಗೆದಿಟ್ಟುಕೊಳ್ಳಲೆಂದು ತಮ್ಮ ಫೋನು ಎತ್ತಿದರು.

ಆಗ ಅದು ನಡೆಯಿತು.

ಹೋಮದ ಹೊಗೆ ಕಣ್ಣೆದುರಿಗೇ ಮಾಯವಾಯಿತು. ಅದು ಇದ್ದ ಜಾಗದಲ್ಲಿ ಒಂದು ಬೂದು ಸಾಲು ಉಳಿಯಿತು: ಈ ಸಂದೇಶವನ್ನು ಅಳಿಸಲಾಗಿದೆ.

"ಅಯ್ಯೋ, ನಾನೇನೂ ಒತ್ತಲಿಲ್ಲ ಕಣಮ್ಮಾ!" ಎಂದರು ಸರಸ್ವತಮ್ಮ.

ಮಹಾದೇವಿಯವರ ಕಣ್ಣು ಮಿಂಚಿನ ವೇಗದಲ್ಲಿ ಕೈಗಳನ್ನು ಎಣಿಸಿತು. ಸಾಧನಾಳ ಎರಡು ಕೈ, ಹೂಬುಟ್ಟಿಯ ಮೇಲೆ. ಅತ್ತೆಯ ಎರಡು ಕೈ, ಫೋನು ಹಿಡಿದು. ಹಿರಿಯಣ್ಣನವರ ಎರಡು ಕೈ, ಬೀಗದ ಕೈ ಹಿಡಿದು. ಅವಧಾನಿಗಳ ಎರಡು ಕೈ, ಪಂಚಪಾತ್ರೆಯಲ್ಲಿ. ಎಂಟು ಕೈಗಳೂ ಗುಡಿಯೊಳಗಿದ್ದವು. ಒಂಬತ್ತನೆಯ ಕೈಯೊಂದು ಎಲ್ಲೋ ಕೂತು, ಅರಗಿನ ಸೀಲಿನೊಳಗಿನ ಫೋನಿನ ವಾಟ್ಸಾಪನ್ನೇ ಬೇರೆ ಕಂಪ್ಯೂಟರಿನಲ್ಲಿ ತೆರೆದುಕೊಂಡು, ಸಾಧನಾಳ ಹೆಸರಿನಲ್ಲಿ, ಸಾಕ್ಷಿಯನ್ನು ಒರೆಸಿಹಾಕಿತ್ತು. ಉಳಿದದ್ದು ಅವಳ ಹೆಸರು, ಅದರ ಕೆಳಗೆ ಅಳಿಸಿದ ಗುರುತು. ಸಮಿತಿಗೆ ಅದಕ್ಕಿಂತ ಹೆಚ್ಚೇನು ಬೇಕು?

ಹೆಸರಿನ ಕೆಳಗೆ ಒಂದು ಪದ ಮೂಡಿತು: ಆನ್‌ಲೈನ್.

ಮಹಾದೇವಿ ಯೋಚಿಸಲಿಲ್ಲ. ಸರಸ್ವತಮ್ಮನ ಕೈಯಲ್ಲಿದ್ದಂತೆಯೇ ಆ ನಂಬರಿಗೆ ವಾಟ್ಸಾಪ್ ಕರೆ ಒತ್ತಿ, ಸ್ಪೀಕರ್ ಹಾಕಿದರು. ತುಟಿಯ ಮೇಲೆ ಬೆರಳಿಟ್ಟರು.

ಒಂದು ರಿಂಗು. ಎರಡು ರಿಂಗು. ಮೂರನೆಯದಕ್ಕೆ ಎತ್ತಿದರು.

"ಅತ್ತೇ," ಎಂದಿತು ಗಂಡಸಿನ ದನಿ, ಮೆಲ್ಲಗೆ, ಸಲಿಗೆಯಿಂದ. "ಅದನ್ನ ಯಾರಿಗೂ ತೋರಿಸಿಲ್ಲ ತಾನೇ?"

ಸಾಧನಾ ತನ್ನ ಅತ್ತೆಯ ಮುಖ ನೋಡಿದಳು. ಆ ದನಿ ಯಾರದೆಂದು ಅತ್ತೆಗೆ ಗೊತ್ತೆಂದು ಮುಖವೇ ಹೇಳುತ್ತಿತ್ತು. ಸಾಧನಾಳ ಕೈಯಿಂದ ಹೂಬುಟ್ಟಿ ಜಾರಿ, ಮಲ್ಲಿಗೆ ನೆಲದ ತುಂಬ ಚೆಲ್ಲಿತು.

ಸರಸ್ವತಮ್ಮ ಕರೆ ಕತ್ತರಿಸಿದರು. ಫೋನನ್ನು ಸೆರಗಿನೊಳಗೆ ಎದೆಗೆ ಅವಚಿಕೊಂಡರು. ಗಣಪತಿಗೆ ಬೆನ್ನು ಮಾಡಿ ನಿಂತು, ಎಪ್ಪತ್ತು ವರ್ಷದಲ್ಲಿ ಮೊದಲ ಸಲ, ಸೊಸೆಯ ಕಣ್ಣು ತಪ್ಪಿಸಿ ಹೇಳಿದರು:

"ರಾಂಗ್ ನಂಬರು ಕಣಮ್ಮಾ."